ನಾನು ಅಧ್ಯಕ್ಷನಾಗಿ ಸತ್ತ ಕಥೆ

ಸತ್ತರೆ ದೇಶದ ಅತಿ ದೊಡ್ಡ ಶ್ರೀಮಂತರ ಸಾಲಿನಲ್ಲಿ ನಿಂತೇ ಸಾಯಬೇಕು ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಸತ್ತೂ ಬಿಟ್ಟೆ! ಕಳೆದ ಚಳಿಗಾಲದ ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು. ಸತ್ತ ಮೇಲೆ ಬಿಸಿ ಬಿಸಿ ಮೂಳೆ ಸಾರು ಕುಡಿದು, ಅಂಗಡಿಗೆ ವಾಪಸು ಬಂದು, ಎಂಟು ಪ್ಯಾಂಟು ಇಸ್ತ್ರಿ ಮಾಡಿದೆ.

ಅಂಗಡಿ ಎಂದೆನಲ್ಲ, ಅದು ಸೋಲ್ ನಗರದ ಮಾಪೋ ಬಡಾವಣೆಯಲ್ಲಿರುವ ತಕ್ ಲಾಂಡ್ರಿ. ಅದರ ಮಾಲೀಕ, ಮ್ಯಾನೇಜರ್, ಕಲೆ ತೆಗೆಯುವ ತಜ್ಞ, ಗುಂಡಿ ಹೊಲಿಯುವ ವಿಭಾಗದ ಮುಖ್ಯಸ್ಥ ಎಲ್ಲವೂ ತಕ್ ಹ್ಯೊಂಗು ಎಂಬ ನಾನೇ. ಆಡಳಿತ ಮಂಡಳಿ ಮಾತ್ರ ನನ್ನ ಹೆಂಡತಿ ಸುನ್‌ಡೊಕ್. ಅವಳ ಒಪ್ಪಿಗೆಯಿಲ್ಲದೆ ಇಲ್ಲಿ ಒಂದು ಹ್ಯಾಂಗರ್ ಕೂಡ ಅಲ್ಲಾಡುವುದಿಲ್ಲ.

ಆ ಚಳಿಗಾಲದಲ್ಲಿ ‘ಚಿನ್ನದ ಏಣಿ’ ಎಂಬ ಟಿ.ವಿ. ಧಾರಾವಾಹಿಯ ಬಟ್ಟೆಗಳೆಲ್ಲ ನನ್ನ ಅಂಗಡಿಗೆ ಬರುತ್ತಿದ್ದವು. ಭಾರೀ ಕಂಪನಿಯೊಂದರ ಅಧ್ಯಕ್ಷ ಸತ್ತಿದ್ದಾನೆ. ಮೂವರು ಮಕ್ಕಳಿಗೆ ಅವನ ಕುರ್ಚಿಯ ಮೇಲೆ ಕಣ್ಣು. ದೊಡ್ಡವನು ಉಯಿಲು ಬದಲಾಯಿಸುತ್ತಾನೆ, ಎರಡನೆಯವನು ಅಣ್ಣನ ಲಿಫ್ಟ್ ಕೆಡಿಸುತ್ತಾನೆ, ಚಿಕ್ಕವಳು ಏನೂ ಮಾಡದೆ ಸುಮ್ಮನೆ ನಗುತ್ತಾಳೆ, ಮೈ ನಡುಗುವುದು ಅದಕ್ಕೇ! ಶ್ರೀಮಂತರಿಗೆ ಸಿಟ್ಟು ಬಂದರೆ ನಮ್ಮ ನಿಮ್ಮ ಹಾಗೆ ಬೈಯುವುದಿಲ್ಲ, ಕೈಯಲ್ಲಿದ್ದ ಲೋಟದ ವೈನನ್ನು ಎದುರಿಗಿದ್ದವರ ಮುಖಕ್ಕೆ ಎರಚುತ್ತಾರೆ. ಒಂದು ಕಂತಿಗೆ ನಾಲ್ಕು ಕೋಟು ವೈನಿನಲ್ಲಿ ಮಿಂದು ನನ್ನ ಬಳಿ ಬರುತ್ತಿದ್ದವು.

ಒಂದು ದಿನ ಅಧ್ಯಕ್ಷರ ಕರಿ ಕೋಟು ಬಂತು. ಆಹಾ, ಎಂಥ ಬಟ್ಟೆ! ಹೊಲಿಗೆ ಪರೀಕ್ಷಿಸುವ ನೆಪದಲ್ಲಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ಅದೇ ಹೊತ್ತಿಗೆ ಧಾರಾವಾಹಿಯ ಬಟ್ಟೆ ನೋಡಿಕೊಳ್ಳುವ ಹುಡುಗಿ ಒಳಗೆ ಬಂದಳು.

“ಯಜಮಾನ್ರೇ, ಅಲ್ಲಾಡ್ಬೇಡಿ! ಹಾಗೇ ಇರಿ!”

ನಾನು ಬೆದರಿ ಎರಡೂ ಕೈ ಮೇಲೆತ್ತಿದೆ. ವಿಷಯ ಬೇರೆಯೇ ಇತ್ತು. ಮೊದಲ ದೃಶ್ಯವೇ ಅಧ್ಯಕ್ಷರ ಸಾವಿನದು. ಕಪ್ಪು ಪಟ್ಟಿ ಕಟ್ಟಿದ ದೊಡ್ಡ ಫೋಟೊ, ಅದರ ಸುತ್ತ ಬಿಳಿ ಸೇವಂತಿಗೆ. ಫೋಟೊಗೆ ಒಪ್ಪಿದ್ದ ಹಿರಿಯ ನಟರು ಬದುಕಿರುವಾಗಲೇ ತಮ್ಮ ಮುಖಕ್ಕೆ ಕಪ್ಪು ಪಟ್ಟಿ ಬೇಡ ಎಂದು ಹೆದರಿ ಕೈಕೊಟ್ಟಿದ್ದರು. ನನಗೇನು ಹೆದರಿಕೆ! ಕಲೆ ಹೋಗದ ರೇಷ್ಮೆ ಸೀರೆಗೆ ಹೆದರುವಷ್ಟು ನಾನು ಸಾವಿಗೆ ಹೆದರಿದವನಲ್ಲ ಎಂದು ಬರೆಯಹೊರಟೆ, ಆದರೆ ನಮ್ಮಲ್ಲಿ ಸೀರೆಯಿಲ್ಲ, ರೇಷ್ಮೆ ಹಾನ್‌ಬೊಕ್ ಎಂದು ಓದಿಕೊಳ್ಳಿ. ಅಂತೂ ಅವರ ಬದಲು ಫೋಟೊದಲ್ಲಿ ಕೂರಲು ಒಪ್ಪಿಕೊಂಡೆ.

ಮನೆಯಲ್ಲಿ ಹೇಳಿದ ಕೂಡಲೇ ಸುನ್‌ಡೊಕ್ ಸೌಟು ಕೆಳಗಿಟ್ಟಳು.

“ರೀ ಯೆರಿನ್ ಅಪ್ಪಾ! ಹೊಸ ವರ್ಷಕ್ಕೆ ಮಗಳು ಒಂದು ಸಲ ಅಡ್ಡಬಿದ್ರೆ ಸಾಲ್ದಾ ನಿಮಗೆ? ಸತ್ತೋರಿಗೆ ಬೀಳೋ ಹಾಗೆ ಎರಡು ಸಲ ಬೀಳಿಸ್ಕೋಬೇಕು ಅಂತ ಆತುರಾನಾ?”

“ಕಲೆ ಕಣೇ, ಕಲೆ!”

“ಕಲೆ ತೆಗೆಯೋರು ನೀವು. ಹಚ್ಕೊಳ್ಳೋಕೆ ಯಾಕೆ ಹೋಗ್ತೀರಿ?”

ಅವಳಿಗೆ ಹೇಳದ ಕಾರಣ ಒಂದಿತ್ತು. ನಮ್ಮ ಒಬ್ಬಳೇ ಮಗಳು ಯೆರಿನ್ ಮೆಚ್ಚಿದ ಹುಡುಗ ಜೂಬಿನ್. ಅವನ ಅಪ್ಪ ದೇಗು ಊರಿನ ಹೆಸರಾಂತ ಹಲ್ಲಿನ ಡಾಕ್ಟರು. ಅಮ್ಮ ಮೂವತ್ತು ವರ್ಷ ಶಾಲೆ ಆಳಿ ನಿವೃತ್ತರಾದ ಹೆಡ್ ಮೇಡಂ. ಇತ್ತ ನಾನು ಇಸ್ತ್ರಿಯವನು! ಅವರ ಮುಂದೆ ಮಗಳ ತಲೆ ತಗ್ಗಬಾರದು ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು. ಲಾಂಡ್ರಿಯವನಾದರೂ ಟಿ.ವಿ.ಯಲ್ಲಿ ಅಧ್ಯಕ್ಷ ಎಂದಾದರೆ ಸ್ವಲ್ಪ ತೂಕ ಬರುತ್ತದಲ್ಲವೇ?

ಆ ಮಂಗಳವಾರ ಚಿತ್ರೀಕರಣ ಮುಗಿದ ಮೇಲೆ ಫೋಟೊವನ್ನು ನನಗೇ ಉಡುಗೊರೆಯಾಗಿ ಕೊಟ್ಟರು. ದೈವವಶಾತ್ ಧಾರಾವಾಹಿಯ ಮೊದಲ ಕಂತು ಬರುವ ಅಕ್ಟೋಬರ್ ಶನಿವಾರವೇ, ಮಧ್ಯಾಹ್ನ ಹನ್ನೆರಡಕ್ಕೆ, ಎರಡೂ ಮನೆಯವರು ಮೊದಲ ಬಾರಿಗೆ ಭೇಟಿಯಾಗುವ ಬೀಗರ ಊಟ ಗೊತ್ತಾಯಿತು. ಹಿಂದಿನ ದಿನ ಯೆರಿನ್ ನನ್ನ ಕೈ ಹಿಡಿದುಕೊಂಡಳು.

“ಅಪ್ಪಾ, ನಾಳೆ ಏನೂ ಬಿಲ್ಡಪ್ ಬೇಡ. ಜೂಬಿನ್ ಅಮ್ಮ ಯಾರನ್ನಾದ್ರೂ ಸಹಿಸ್ತಾರೆ, ನಾಟಕ ಆಡೋರನ್ನ ಮಾತ್ರ ಸಹಿಸಲ್ಲ. ಅವರು ‘ನೋಡೋಣ’ ಅಂದ್ರೆ ಮುಗೀತು, ಈ ಮದುವೆ ನಡೆಯಲ್ಲ. ನೀನು ನೀನಾಗಿರು, ಅಷ್ಟೇ ಸಾಕು.”

“ನಾನು ನಾನಾಗೇ ಇರ್ತೀನಮ್ಮ,” ಎಂದು ಮಾತು ಕೊಟ್ಟೆ. ಅಧ್ಯಕ್ಷನೂ ನಾನೇ ತಾನೇ!

ಶನಿವಾರ ಬೆಳಗ್ಗೆ ಏಳಕ್ಕೆ ಅಂಗಡಿಗೆ ಹೋಗಿ ಫೋಟೊವನ್ನು ಗಾಜಿನ ಬಾಗಿಲಿನ ಹಿಂದೆ, ಬೀದಿಗೆಲ್ಲ ಕಾಣುವಂತೆ ನಿಲ್ಲಿಸಿದೆ. ಕಪ್ಪು ಪಟ್ಟಿ ತೆಗೆಯಬಹುದಿತ್ತು. ತೆಗೆದರೆ ಸಂಜೆ ಟಿ.ವಿ.ಯಲ್ಲಿ ಬರುವುದು ಇದೇ ಫೋಟೊ ಎಂದು ಜನಕ್ಕೆ ತಿಳಿಯುವುದು ಹೇಗೆ? ಹಾಗಾಗಿ ಪಟ್ಟಿ ಇರಲಿ ಎಂದು ಬಿಟ್ಟೆ. ಬೀಗರ ಊಟದ ದಿನ ಅಂಗಡಿ ತೆರೆಯುವಂತಿಲ್ಲವಾದ್ದರಿಂದ ಪಕ್ಕದಲ್ಲೇ ಒಂದು ಕಾಗದ ಅಂಟಿಸಿದೆ: ‘ಮನೆಯ ಕಾರಣದಿಂದ ಇಂದು ಅಂಗಡಿ ಮುಚ್ಚಿದೆ.’ ಇಷ್ಟನ್ನೂ ಒಬ್ಬನೇ ಕೂತು ಯೋಚಿಸಿ ಮಾಡಿದೆ, ಯಾರ ಸಹಾಯವೂ ಇರಲಿಲ್ಲ.

ಆಮೇಲೆ ಸೀದಾ ಸ್ನಾನದ ಮನೆಗೆ ಹೋದೆ. ನಮ್ಮ ಬೀದಿಯ ಕೊನೆಯಲ್ಲಿರುವ ಸಾರ್ವಜನಿಕ ಸ್ನಾನದ ಮನೆ ಅದು. ಮೊಬೈಲು ಬಟ್ಟೆಯ ಜೊತೆ ಬೀರುವಿನಲ್ಲಿ, ನಾನು ಕುದಿಯುವ ನೀರಿನ ತೊಟ್ಟಿಯಲ್ಲಿ. ಮೈಯುಜ್ಜುವವನು ಮುಂದಿನಿಂದ ಹಿಂದಿನಿಂದ ಉಜ್ಜಿದ ಪರಿಗೆ ಇಪ್ಪತ್ತು ವರ್ಷದ ಇಸ್ತ್ರಿಯ ಹಬೆಯೆಲ್ಲ ಹೊರಗೆ ಬಂತು. ಸುನ್‌ಡೊಕ್ ಮತ್ತು ಯೆರಿನ್ ಆ ಹೊತ್ತಿಗೆ ಕೂದಲು ಮಾಡಿಸಿಕೊಳ್ಳಲು ಸಲೂನಿನಲ್ಲಿ ಕೂತಿದ್ದರು, ಇಬ್ಬರ ತಲೆಯೂ ಗುಂಯ್‌ಗುಡುವ ಯಂತ್ರದೊಳಗೆ.

ಹತ್ತೂವರೆಗೆ ಟೊಮೇಟೊ ಬಣ್ಣಕ್ಕೆ ತಿರುಗಿ, ಟವೆಲು ಸೋಪು ಇದ್ದ ಪ್ಲಾಸ್ಟಿಕ್ ಬುಟ್ಟಿ ಹಿಡಿದು ವಾಪಸು ಬಂದೆ. ನನ್ನ ಅಂಗಡಿಗೂ ಪಕ್ಕದ ನೂಡಲ್ ಅಂಗಡಿಗೂ ನಡುವೆ ಜನವೋ ಜನ! ಆಳೆತ್ತರದ, ಮೂರು ಅಂತಸ್ತಿನ ಬಿಳಿ ಸೇವಂತಿಗೆಯ ಹಾರ ಮರದ ಚೌಕಟ್ಟಿನ ಮೇಲೆ ಕಾಲೂರಿ ನಿಂತಿದೆ. ನಮ್ಮ ಬೀದಿಯ ವ್ಯಾಪಾರಿಗಳ ಸಂಘ ಸಾವಿನ ಮನೆಗೆ ಕಳಿಸುವ ಹಾರ ಅದು. ನೂಡಲ್ ಅಂಗಡಿಯ ತೊಂಬತ್ತೊಂದು ವರ್ಷದ ಅಜ್ಜ ಹೋಗಿಬಿಟ್ಟರಲ್ಲಾ! ಟೋಪಿ ತೆಗೆದು, ತಲೆ ತಗ್ಗಿಸಿ, ಸಾಲಿನ ಕೊನೆಯಲ್ಲಿ ನಿಂತೆ.

ಮುಂದೆ ಕೋಳಿ ಹುರಿಯುವ ಅಂಗಡಿಯ ಪ್ಯೋ ಎದೆ ಬಡಿದುಕೊಳ್ಳುತ್ತಿದ್ದ. “ಎಂಥಾ ಮನುಷ್ಯ! ನನ್ನ ಮಗನ ಇಂಟರ್‌ವ್ಯೂ ಕೋಟಿಗೆ ಎಣ್ಣೆ ಚೆಲ್ಲಿದ್ದಾಗ ತನ್ನ ಊಟ ಬಿಟ್ಟು ಕಲೆ ತೆಗೆದುಕೊಟ್ಟ!”

ಹಣ್ಣಿನ ಅಂಗಡಿಯ ಅಜ್ಜಿ ಮೂಗು ಒರೆಸಿಕೊಂಡಳು. “ನನ್ನ ಕಂಬಳಿ ಹೆಗಲ ಮೇಲೆ ಹೊತ್ಕೊಂಡು ನಾಲ್ಕನೇ ಮಹಡಿವರೆಗೂ ತಂದ್ಕೊಡ್ತಿದ್ದ. ಬಂಗಾರದಂಥಾ ಮಗ!”

ನನಗೂ ಕಣ್ಣು ತುಂಬಿತು. ನೂಡಲ್ ಅಜ್ಜನಿಗೆ ಇಷ್ಟೊಂದು ಗುಣಗಳಿದ್ದವೆಂದು ಗೊತ್ತೇ ಇರಲಿಲ್ಲ. ನನ್ನ ಮುಂದೆ ಬೆನ್ನು ಮಾಡಿ ನಿಂತಿದ್ದ ದೊಡ್ಡ ಮನುಷ್ಯರೊಬ್ಬರನ್ನು ಮೆಲ್ಲಗೆ ಕೇಳಿದೆ.

“ನಿಮಗೆ ಸಂಬಂಧಿಕರಾ ಸ್ವಾಮೀ?”

“ಬೀಗರಾಗ್ಬೇಕಿತ್ತು,” ಎಂದರು ತಿರುಗದೆಯೇ. “ಇವತ್ತು ಮಧ್ಯಾಹ್ನ ಜೊತೇಲಿ ಊಟ ಇತ್ತು. ಮುಖ ನೋಡೋ ಯೋಗಾನೂ ಇರ್ಲಿಲ್ಲ.”

“ಅಯ್ಯೋ ಪಾಪ! ನೋಡಿ, ನಮ್ಮದೂ ಇವತ್ತೇ ಬೀಗರ ಊಟ!”

ಹೇಳುತ್ತಿದ್ದಂತೆ ನನ್ನ ಕಣ್ಣು ಅವರ ತೋಳಿನ ಮೇಲೆ ಬಿತ್ತು. ದುಃಖದಲ್ಲೂ ಕಸುಬು ಬಿಡುತ್ತದೆಯೇ? “ಕಾಫಿ ಕಲೆ. ಹಾಲು ಹಾಕಿದ್ದು. ಬಿಸಿನೀರು ಮಾತ್ರ ಮುಟ್ಟಿಸ್ಬೇಡಿ.”

“ರೈಲಲ್ಲಿ ಚೆಲ್ತು. ಹೇಗೂ ಬೀಗರದ್ದೇ ಲಾಂಡ್ರಿ, ಊಟಕ್ಕೆ ಮೊದಲು ತೋರಿಸೋಣ ಅಂತ ಸೀದಾ ಇಲ್ಲಿಗೇ ಬಂದ್ವಿ...”

“ಚಿಂತೆ ಬಿಡಿ. ಇಲ್ಲೇ ನಮ್ಮದೂ ಲಾಂಡ್ರಿ, ಐದು ನಿಮಿಷದ ಕೆಲಸ,” ಎಂದು ಹೆಮ್ಮೆಯಿಂದ ಬೆರಳು ತೋರಿಸಿದೆ. ಬೆರಳು ಎತ್ತ ತೋರಿಸಿತೋ ಅತ್ತ ನಾನೂ ನೋಡಿದೆ.

ಜನ ಸರಿದಿದ್ದರು. ಗಾಜಿನ ಹಿಂದೆ ಕಪ್ಪು ಪಟ್ಟಿಯ ನಡುವೆ ನಾನು ಗಂಭೀರವಾಗಿ ಕೂತಿದ್ದೆ. ಮುಂದೆ ಪ್ಯೋನ ಚಾಪೆ, ತಟ್ಟೆಯಲ್ಲಿ ಮೂರು ಸೇಬು, ಊದುಬತ್ತಿ ಸಿಗದೆ ಹಚ್ಚಿಟ್ಟ ಸೊಳ್ಳೆ ಬತ್ತಿ. ಪಕ್ಕದಲ್ಲಿ ಭಾವಿ ಅಳಿಯ ಜೂಬಿನ್, ಯಾರೂ ಎತ್ತದ ಫೋನನ್ನು ಕಿವಿಗೆ ಒತ್ತಿಕೊಂಡು ಬಿಕ್ಕುತ್ತಿದ್ದ. ಚಾಪೆಯ ಮೇಲೆ ಬೂದು ಬಣ್ಣದ ಕೋಟಿನ ಹೆಂಗಸೊಬ್ಬರು ಒಂದು ನಮಸ್ಕಾರ ಮುಗಿಸಿ ಎದ್ದು, ಮತ್ತೆ ಮಂಡಿಯೂರುತ್ತಿದ್ದರು. ಹೆಡ್ ಮೇಡಂ!

“ಒಂದೇ ಸಾಕು!” ಎಂದು ಕಿರುಚಿದೆ. “ಬೀಗಿತ್ತೀ, ಒಂದೇ ಸಾಕು! ಎರಡನೇದು ಬೇಡ!”

ತಡವಾಗಿಹೋಗಿತ್ತು. ಅವರ ಹಣೆ ಚಾಪೆಗೆ ತಾಗಿತು. ತಾಗಿದ ಹಣೆ ಹಾಗೇ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು. ಬೀದಿಗೆ ಬೀದಿಯೇ ಚೀರಿತು! ಪ್ಯೋ ಅಂಗಡಿಗೆ ಓಡಿ, ದೆವ್ವ ಓಡಿಸಲು ಒಂದು ಬೊಗಸೆ ಉಪ್ಪು ತಂದು ನನ್ನ ಮುಖಕ್ಕೆ ಎರಚಿದ. ಅದು ಹುರಿದ ಕೋಳಿಯ ಮೇಲೆ ಉದುರಿಸುವ, ಕಾಳುಮೆಣಸು ಬೆರೆತ ಉಪ್ಪು. ನಾನು ಸೀನಿದೆ. ಒಂದಲ್ಲ, ಏಳು ಸಲ.

“ದೆವ್ವ ಸೀನಲ್ಲ ಕಣೋ!” ಎಂದಳು ಹಣ್ಣಿನ ಅಜ್ಜಿ. “ಇವನು ಬದುಕಿದಾನೆ!”

ಪ್ಯೋ ಕಣ್ಣೊರೆಸಿಕೊಂಡು ನನ್ನನ್ನು ಮುಟ್ಟಿ ಮುಟ್ಟಿ ನೋಡಿದ. “ನಿಜವಾಗ್ಲೂ ಬದುಕಿದೀಯಾ ತಕ್ ಅಣ್ಣಾ?”

“ಬದುಕಿದೀನಪ್ಪಾ.”

“ಹಾಗಾದ್ರೆ ಹೋದ ವರ್ಷ ನನ್ನ ಉಣ್ಣೆ ಸ್ವೆಟರನ್ನ ಕೂಸಿನ ಅಳತೆಗೆ ಇಳಿಸಿದ್ಯಲ್ಲ, ಅದಕ್ಕೇನು ಹೇಳ್ತೀಯಾ?”

“ನನ್ನ ಕಂಬಳೀನೂ ಒಂದು ಮೂಲೇಲಿ ಸುಟ್ಟಿದ್ದಾನೆ!” ಎಂದಳು ಅಜ್ಜಿ. ಬಂಗಾರದಂಥ ಮಗ ಅರೆಗಳಿಗೆಯಲ್ಲಿ ತಗಡಾಗಿದ್ದ.

ಅಷ್ಟರಲ್ಲಿ ತಲೆತುಂಬ ಗುಲಾಬಿ ಸುರುಳಿ ಸುತ್ತಿಕೊಂಡೇ ಸುನ್‌ಡೊಕ್ ಓಡಿ ಬಂದಳು, ಹಿಂದೆ ಯೆರಿನ್. ‘ಇಲ್ಲಿ ಕೂದಲು ಗುಂಗುರು ಮಾಡಿಸ್ಕೋತಾ ಕೂತಿದೀಯಲ್ಲಮ್ಮಾ, ಅಲ್ಲಿ ನಿನ್ನ ಗಂಡ ಹೋಗಿ ಹಾರ ಬಂದಿದೆ’ ಎಂದು ಸಲೂನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರಂತೆ. ಅವಳು ನನ್ನನ್ನು ಕಂಡದ್ದೇ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಬೀದಿಯಲ್ಲಿ ತಬ್ಬಿದ್ದು ಅದೇ ಮೊದಲು, ನನಗೆ ನಿಜಕ್ಕೂ ಖುಷಿಯಾಯಿತು. ಆಮೇಲೆ ಫೋಟೊ ನೋಡಿದಳು. ನನ್ನ ಕೈಯ ಬುಟ್ಟಿ ಕಿತ್ತುಕೊಂಡು ಅದರಲ್ಲೇ ಬಾರಿಸಿದಳು.

“ಸಾಯ್ಬೇಕು ಅಂತಿದ್ರೆ ನನ್ನ ಕೈಯಲ್ಲೇ ಸಾಯಿರಿ!”

“ನಿಲ್ಲಿ!” ಎಂದಿತು ಒಂದು ಧ್ವನಿ. ಮೂವತ್ತು ವರ್ಷ ಪ್ರಾರ್ಥನಾ ಮೈದಾನವನ್ನು ಅಲುಗಾಡಿಸಿದ ಧ್ವನಿ. “ತಕ್ ಅವರೇ, ಏನಿದು?”

ಶಾಲೆಯಲ್ಲಿ ತಪ್ಪು ಮಾಡಿದವರನ್ನು ಕೂರಿಸುತ್ತಿದ್ದ ಹಾಗೆ ಮಂಡಿಯೂರಿ, ಎರಡೂ ಕೈ ಮೇಲೆತ್ತಿ, ಇದ್ದದ್ದೆಲ್ಲ ಒಪ್ಪಿಸಿದೆ. ಕೋಟು, ಫೋಟೊ, ಕಪ್ಪು ಪಟ್ಟಿ, ಎಲ್ಲ. “ನೀವು ದೊಡ್ಡವರು ಮೇಡಂ. ಬರೀ ಇಸ್ತ್ರಿಯವನು ಅಂದ್ರೆ ನನ್ನ ಮಗಳನ್ನ ಕಡಿಮೆ ಮಾಡಿ ನೋಡ್ತೀರೇನೋ ಅಂತ ಹೆದರ್ಕೊಂಡೆ. ತಪ್ಪೆಲ್ಲಾ ನಂದು. ನನ್ನ ಮಗಳು ನಾಟಕ ಬೇಡ ಅಂತ ನಿನ್ನೇನೇ ಹೇಳಿದ್ಲು.”

ಯೆರಿನ್ ಮುಖ ಬಿಳಿಚಿಕೊಂಡಿತ್ತು. ‘ನೋಡೋಣ’ ಎಂಬ ಮಾತು ಎಲ್ಲಿ ಬೀಳುತ್ತದೋ ಎಂದು ಅವಳು ಅತ್ತೆಯಾಗುವವರ ತುಟಿಗಳನ್ನೇ ನೋಡುತ್ತಿದ್ದಳು.

ಹೆಡ್ ಮೇಡಂ ಫೋಟೊ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಂಡನ ಕಡೆ ತಿರುಗಿದರು. “ಹುಡುಗಿ ಮನೆಯವರು ಎಂಥವರು ಅಂತ ಬೀದೀಲಿ ಒಂದು ಮಾತು ವಿಚಾರಿಸ್ಬೇಕು ಅಂತಿದ್ನಲ್ಲ ನಾನು? ಕೇಳೋ ಮೊದಲೇ ಬೀದಿಯೆಲ್ಲಾ ಹೇಳ್ತು.”

“ಸ್ವೆಟರ್ ವಿಷಯಾನೂ ಹೇಳ್ತು,” ಎಂದರು ಡಾಕ್ಟರು.

“ಅದೂ ಗೊತ್ತಿರ್ಬೇಕು. ಒಳ್ಳೇದಷ್ಟೇ ಹೇಳಿದ್ರೆ ನಂಬೋದು ಹೇಗೆ?” ಎಂದವರೇ ಯೆರಿನ್‌ಳ ಕೈ ಹಿಡಿದುಕೊಂಡರು. “ಬಾಮ್ಮಾ, ಊಟಕ್ಕೆ ಹೊತ್ತಾಯ್ತು. ತಕ್ ಅವರೇ, ಕೈ ಇಳಿಸಿ. ನಿಮಗೆ ಒಂದು ನಮಸ್ಕಾರ ಹೆಚ್ಚಾಗಿ ಬಿದ್ದಿದೆ, ಅದನ್ನ ಮುಂದಕ್ಕೆ ಬೇಕಾಗುತ್ತೆ ಅಂತ ಇಟ್ಕೊಂಡಿರಿ.” ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಡೆಯಲಾಗದೆ, ಸೇವಂತಿಗೆ ಹಾರ ಹಿಡಿದುಕೊಂಡು ನಕ್ಕರು. ನಾನು ಐದು ನಿಮಿಷದಲ್ಲಿ ಬೀಗರ ಕಾಫಿ ಕಲೆ ತೆಗೆದೆ.

ಸಂಜೆ ಎಂಟಕ್ಕೆ ನಮ್ಮ ಮನೆಯ ಟಿ.ವಿ.ಯ ಮುಂದೆ ಬೀಗರೂ ಪ್ಯೋನೂ ಹಣ್ಣಿನ ಅಜ್ಜಿಯೂ ತುಂಬಿದ್ದರು. ನಾನು ಬೆಳಗಿನ ಅವಮಾನ ಮರೆತು ನಡುವೆ ಕೂತೆ. ‘ಚಿನ್ನದ ಏಣಿ’ ಶುರುವಾಯಿತು. ಮಳೆ, ಕರಿ ಕಾರುಗಳು, ಅಳುವ ಮಕ್ಕಳು. ಕ್ಯಾಮೆರಾ ಮೆಲ್ಲಗೆ ಅಧ್ಯಕ್ಷರ ಫೋಟೊದ ಕಡೆ ಹೊರಟಿತು. ಮುಖದ ಮುಂದೆ ಒಂದು ದೈತ್ಯ ಸೇವಂತಿಗೆ! ಕಂಡದ್ದು ನನ್ನ ಎಡ ಕಿವಿ ಮತ್ತು ಕೋಟಿನ ಕಾಲರು. ಕಾಲರಿಗೆ, ಬೆಳಗಿಂದ ಯಾರ ಕಣ್ಣಿಗೂ ಬೀಳದ ಒಂದು ಬಿಳಿ ಚೀಟಿ ಸಿಕ್ಕಿಸಿತ್ತು. ಹೆಡ್ ಮೇಡಂ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು: “ತಕ್ ಲಾಂಡ್ರಿ. ಕಲೆ ಹೋಗಿಲ್ಲ.”

ಅಜ್ಜಿ ನಗುತ್ತಾ ಪ್ಯೋನ ಮೇಲೆ ಬಿದ್ದಳು, ಡಾಕ್ಟರಿಗೆ ಬಾರ್ಲಿ ಚಹಾ ನೆತ್ತಿಗೇರಿತು. “ನಗಿ, ನಗಿ,” ಎಂದೆ. “ಕಿವಿಯಾದರೂ ಅದು ಅಧ್ಯಕ್ಷರ ಕಿವಿ!”

ಬೀಗರು ರೈಲಿಗೆ ಹೊರಟರು. ಜೂಬಿನ್ ಮಾತ್ರ, ಮದುವೆ ನಿಶ್ಚಯವಾಯಿತಲ್ಲ, ಮಾವನಿಗೆ ಶಾಸ್ತ್ರೋಕ್ತವಾಗಿ ನಮಸ್ಕರಿಸಿಯೇ ಹೋಗುತ್ತೇನೆ ಎಂದು ಮಂಡಿಯೂರಿದ. ಹಣೆ ನೆಲಕ್ಕೆ ತಾಗಿಸಿ ಒಂದು ನಮಸ್ಕಾರ ಮಾಡಿದ. ನಾನು ಗತ್ತಿನಿಂದ ಕೈ ಎತ್ತಿ, “ಏಳಪ್ಪಾ. ಅಧ್ಯಕ್ಷರ ಆಶೀರ್ವಾದ ನಿನಗಿದೆ,” ಎಂದೆ.

ಹುಡುಗ ಎದ್ದು ನಿಂತ. ಗೋಡೆಗೆ ಒರಗಿಸಿದ್ದ ಫೋಟೊವನ್ನೂ ನನ್ನನ್ನೂ ನೋಡಿ ಗೊಂದಲಕ್ಕೆ ಬಿದ್ದ. “ಅತ್ತೇ, ಇನ್ನೊಂದು ಮಾಡ್ಬೇಕಾ?”

ಲೋಟ ತೊಳೆಯುತ್ತಿದ್ದ ಸುನ್‌ಡೊಕ್ ತಿರುಗಿಯೂ ನೋಡಲಿಲ್ಲ.

“ಸದ್ಯಕ್ಕೆ ಒಂದೇ ಸಾಕಪ್ಪ. ಅವರ ಬಾಯಲ್ಲಿ ಇನ್ನೊಂದು ಸಲ ಅಧ್ಯಕ್ಷ ಅಂತ ಬಂದ್ರೆ ನಾನೇ ಕರೀತೀನಿ, ಆಗ ಬಂದು ಎರಡನೇದೂ ಮಾಡುವೆಯಂತೆ.”