ಇನ್ನೂರ ಮೂವತ್ತೊಂದನೆಯ ಪುಟ

ಸರ್ವೋತ್ತಮ ನೀರಜಾಕ್ಷಿಯನ್ನು ಮೊದಲು ನೋಡಿದ್ದು ಹನ್ನೊಂದು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣ, ಅವನು ಹೆಣ್ಣು ನೋಡಲು ಹೋದಾಗಲೂ ಗಡಿಯಾರ ನೋಡಿಯೇ ಅಂಗಳಕ್ಕೆ ಕಾಲಿಟ್ಟವನು. ಜಗಲಿಯಲ್ಲಿ ನಾಲ್ಕು ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರ ಕಾಲು ಸೊಟ್ಟಗಿತ್ತು, ಅವನ ಪಾಲಿಗೆ ಬಂದದ್ದು ಅದೇ. ಸ್ಟೀಲಿನ ತಟ್ಟೆಯಲ್ಲಿ ಗೋಳಿಬಜೆ, ಬಟ್ಟಲಲ್ಲಿ ಕಾಯಿಚಟ್ನಿ. ಹಸಿರು ಸೀರೆಯುಟ್ಟ ನೀರಜಾಕ್ಷಿ ಕಾಫಿ ತಂದಳು. ಲೋಟ ಎತ್ತಿಕೊಳ್ಳುತ್ತಾ ಅವನು ಮೆಲ್ಲನೆ ಮುಖ ನೋಡಿದ. ಎರಡೂ ಕಣ್ಣುಗಳು ಊದಿಕೊಂಡಿದ್ದವು. ಮೂಗಿನ ತುದಿ ಮಾಗಿದ ಪುನರ್ಪುಳಿ ಹಣ್ಣಿನಂತೆ ಕೆಂಪಾಗಿತ್ತು.

ಸರ್ವೋತ್ತಮ ತಕ್ಷಣ ತೀರ್ಮಾನಿಸಿದ: ಇದು ಬಲವಂತದ ಮದುವೆ. ಅವನು ತನ್ನ ಮನೆತನದ ಮೊದಲ ಪದವೀಧರ. ಅನ್ಯಾಯ ಕಂಡಲ್ಲಿ ಸುಮ್ಮನಿರಬಾರದೆಂದು ಕಾಲೇಜಿನಲ್ಲಿ ಕಲಿತಿದ್ದ. ಕಲಿತದ್ದನ್ನು ಪ್ರಯೋಗಿಸುವ ಅವಕಾಶ ಮಾತ್ರ ಅದುವರೆಗೆ ಸಿಕ್ಕಿರಲಿಲ್ಲ. ಇಬ್ಬರೇ ಮಾತಾಡಿಕೊಳ್ಳಲಿ ಎಂದು ಹಿರಿಯರು ಬಾವಿಕಟ್ಟೆಯ ಕಡೆಗೆ ಕಳಿಸಿದಾಗ ಅವನು ಗಂಟಲು ಸರಿಮಾಡಿಕೊಂಡ.

"ನೋಡಿ, ನಿಮಗೆ ಮನಸ್ಸಿಲ್ಲದಿದ್ದರೆ ಹೇಳಿ. ಬೇಡ ಅಂತ ನಾನೇ ಹೇಳ್ತೇನೆ. ನಿಮ್ಮ ಮೇಲೆ ಮಾತು ಬರುವುದಿಲ್ಲ."

"ಅದಲ್ಲ," ಎಂದು ನೀರಜಾಕ್ಷಿ ಮೂಗೊರೆಸಿಕೊಂಡಳು. "ಅವನು ಬರೆದ ಕಾಗದ ಅವಳಿಗೆ ಸಿಗಲೇ ಇಲ್ಲ."

"ಯಾರಿಗೆ?"

"ಕಾದಂಬರಿಯಲ್ಲಿ. ಇನ್ನು ಎಂಟೇ ಪುಟ ಇದ್ದದ್ದು. ನೀವು ಒಂದು ಅರ್ಧ ಗಂಟೆ ತಡ ಮಾಡಿದ್ದರೆ ಮುಗಿತಿತ್ತು."

ಮದುವೆಯಾದ ಮೇಲೆ ಇದೆಲ್ಲ ಸರಿಹೋಗುತ್ತದೆ ಎಂದುಕೊಂಡು ಸರ್ವೋತ್ತಮ ಒಪ್ಪಿಗೆ ಕೊಟ್ಟ.

ಸರಿಹೋಗಲಿಲ್ಲ. ಊರು ಬಿಟ್ಟು ಬಹ್ರೈನಿಗೆ ಬಂದು, ಹೂರಾದ ಇಕ್ಕಟ್ಟಿನ ಬೀದಿಯಲ್ಲಿ ಮೂರನೇ ಮಹಡಿಯ ಫ್ಲಾಟ್ ಹಿಡಿದು, ಮಗಳು ತೃಷಾ ಹುಟ್ಟಿ ನಾಲ್ಕನೇ ಕ್ಲಾಸಿಗೆ ಬಂದರೂ ಸರಿಹೋಗಲಿಲ್ಲ. ನಾಲ್ಕನೇ ಮಹಡಿಯಲ್ಲಿ ಬೆನೆಡಿಕ್ಟಾ ಎಂಬ ನರ್ಸಮ್ಮ ಇದ್ದರು. ಊರಿಗೆ ಹೋದವರೆಲ್ಲ ಒಣಮೀನು, ಹಪ್ಪಳ ತುಂಬಿಕೊಂಡು ಬಂದರೆ ಬೆನೆಡಿಕ್ಟಾ ಪೆಟ್ಟಿಗೆ ತುಂಬ ಹೊಸ ಹೊಸ ಪ್ರೇಮ ಕಾದಂಬರಿಗಳನ್ನು ತರುತ್ತಿದ್ದರು. ಅವು ಮೆಟ್ಟಿಲಿಳಿದು ನೀರಜಾಕ್ಷಿಯ ಕಪಾಟು ಸೇರುತ್ತಿದ್ದವು. ಆಮೇಲೆ ಈ ಮನೆಯಲ್ಲಿ ಕಣ್ಣೀರಿನ ಸರಬರಾಜಿಗೆ ಕೊರತೆಯಿರುತ್ತಿರಲಿಲ್ಲ.

"ಮಮ್ಮಿ ಕ್ರೈ ಮಾಡ್ತಿದ್ದಾಳೆ ಅಂದ್ರೆ ಇವತ್ತು ಡಿನ್ನರ್ ಹೋಟೆಲಿಂದ," ಎಂದು ತೃಷಾ ಒಂದು ಸಂಜೆ ಶಾಂತವಾಗಿ ಘೋಷಿಸಿದಳು. ಅಡಿಗೆಮನೆಯಲ್ಲಿ ಬಂಗುಡೆ ಸಾರು ತಳ ಹಿಡಿದು, ಹೊಗೆಯ ಅಲಾರಂ ಕೂಗಿ, ಕಾವಲುಗಾರ ಮೇಲೆ ಬಂದು ಕೆಳಗೆ ಹೋಗಿಯಾಗಿತ್ತು. ನೀರಜಾಕ್ಷಿಗೆ ಅದು ಯಾವುದೂ ಕೇಳಿಸಿರಲಿಲ್ಲ.

ಸರ್ವೋತ್ತಮನಿಗೆ ರೇಗಿತು. "ಹುಟ್ಟದೇ ಇದ್ದವರಿಗೋಸ್ಕರ ಅಳುವುದು ಅಂದರೆ ಎಂತ ನೀರಜಾ? ಇಲ್ಲದ ಮನುಷ್ಯರು ಅವರು."

"ನೀವು ಏಳಕ್ಕೆ ಹೋಗ್ತೀರಿ, ಐದಕ್ಕೆ ಬರ್ತೀರಿ. ಅವಳು ಶಾಲೆಗೆ. ಕಿಟಕಿ ತೆಗೆದರೆ ಎದುರಿನ ಕಟ್ಟಡದ ಎಸಿ ಡಬ್ಬ. ಹಗಲು ಹೊತ್ತು ಈ ಮನೆಯಲ್ಲಿ ನನ್ನ ಜೊತೆ ಇರುವುದು ಆ ಇಲ್ಲದ ಮನುಷ್ಯರೇ."

ಇದಕ್ಕೆ ಉತ್ತರ ಹೊಳೆಯದೆ ಸರ್ವೋತ್ತಮ ಪಂಥ ಕಟ್ಟಿದ. ಉತ್ತರ ಹೊಳೆಯದ ಗಂಡಸರು ಹಿಂದಿನಿಂದಲೂ ಮಾಡಿಕೊಂಡು ಬಂದದ್ದು ಅದನ್ನೇ.

ಅವನು ಸೀಫಿನ ಒಂದು ಕಂಪನಿಯಲ್ಲಿ ಪೈಪುಗಳ ಸೋರಿಕೆ ಪರೀಕ್ಷಿಸುವ ಇನ್ಸ್‌ಪೆಕ್ಟರು. ಹೊಸ ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು, ಇಪ್ಪತ್ತನಾಲ್ಕು ಗಂಟೆ ಕಾದು, ಒಂದು ಹನಿಯೂ ಹೊರಬರದಿದ್ದರೆ ಮಾತ್ರ ಸಹಿ ಹಾಕುವವನು. "ಯಾವುದು ಬೇಕಾದರೂ ಕೊಡು," ಎಂದ ಎದೆಯುಬ್ಬಿಸಿ. "ಇದ್ದದ್ದರಲ್ಲಿ ಅತಿ ಹೆಚ್ಚು ಅಳಿಸುವಂಥದ್ದು ಕೊಡು. ಮೊದಲಿಂದ ಕೊನೆಯವರೆಗೆ ಓದುತ್ತೇನೆ. ನನ್ನ ಕಣ್ಣಿಂದ ಒಂದು ಹನಿ ಸೋರಿದರೆ ಮತ್ತೆ ನಿನ್ನ ಪುಸ್ತಕದ ಸುದ್ದಿಗೆ ಬರುವುದಿಲ್ಲ. ಸೋರದಿದ್ದರೆ ಈ ಕಪಾಟು ಪೂರ್ತಿ ಮೇಲಿನ ಮಹಡಿಗೆ. ಮತ್ತೆ ಕಾದಂಬರಿ ಅಂತ ಎತ್ತಬಾರದು."

ನೀರಜಾಕ್ಷಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತಳು. ಸೋತರೆ ಕಳೆದುಕೊಳ್ಳಬೇಕಾದವರನ್ನೆಲ್ಲ ಒಮ್ಮೆ ನೋಡಿಕೊಂಡಂತಿತ್ತು. ಆಮೇಲೆ ಒಂದು ಪುಸ್ತಕ ತೆಗೆದು ಅವನ ಕೈಗಿತ್ತಳು. ಮುಖಪುಟದಲ್ಲಿ ಮಳೆ, ಮಳೆಯಲ್ಲಿ ಬೆನ್ನು ತಿರುಗಿಸಿ ನಿಂತ ಹುಡುಗಿ. ಹೆಸರು 'ನಿನ್ನ ಕೊಡೆ ನನ್ನಲ್ಲೇ ಇದೆ'.

ಸರ್ವೋತ್ತಮ ಓದುವುದನ್ನೂ ಪೈಪು ಪರೀಕ್ಷಿಸಿದಂತೆಯೇ ಮಾಡಿದ. ಕೈಯಲ್ಲಿ ಪೆನ್ಸಿಲು, ಪಕ್ಕದಲ್ಲಿ ಆಫೀಸಿನ ಲೋಪ ವರದಿಯ ಹಾಳೆ. ಮೊದಲ ದಿನದ ದಾಖಲೆ ಹೀಗಿತ್ತು. ಪುಟ ಹದಿನಾಲ್ಕು: ನಾಯಕ ವಿಹಾನ್ ಕಟ್ಟುತ್ತಿರುವ ಕಟ್ಟಡದ ಎಂಟನೇ ಮಹಡಿಯಲ್ಲಿ ಹೆಲ್ಮೆಟ್ ಇಲ್ಲದೆ ನಿಂತು ಸೂರ್ಯಾಸ್ತ ನೋಡುತ್ತಿದ್ದಾನೆ, ಗಂಭೀರ ಲೋಪ. ಪುಟ ಅರವತ್ತೊಂದು: ನಾಯಕಿ ಚಾರ್ವಿ ಇಪ್ಪತ್ತು ನಿಮಿಷ ಮಳೆಯಲ್ಲಿ ನೆನೆದಿದ್ದಾಳೆ, ಬಸ್ ನಿಲ್ದಾಣ ಹತ್ತು ಹೆಜ್ಜೆ ದೂರದಲ್ಲಿದೆ. ಪುಟ ನೂರ ಹದಿನೆಂಟು: ಒಂದು ಫೋನ್ ಮಾಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ನಿನ್ನ ವಿಹಾನನಿಗೆ ಬುದ್ಧಿ ಇಲ್ಲ," ಎಂದು ಅವನು ಊಟದ ಹೊತ್ತಿಗೆ ವರದಿ ಒಪ್ಪಿಸಿದ.

ನೀರಜಾಕ್ಷಿ ಇನ್ನೊಂದು ಸೌಟು ಅನ್ನ ಬಡಿಸಿದಳು.

ಮೂರನೆಯ ದಿನಕ್ಕೆ ವರದಿಯ ಭಾಷೆಯೇ ಬದಲಾಯಿತು. ಪುಟ ನೂರ ಎಂಬತ್ತು: ಪಾಪ, ಅವನು ಹೇಳಬೇಕು ಅಂತಲೇ ಬಂದಿದ್ದ. ಪುಟ ಇನ್ನೂರ ಮೂರು: ಅವಳು ಫೋನ್ ಎತ್ತಬೇಕು. ಪುಟ ಇನ್ನೂರ ನಾಲ್ಕು: ಎತ್ತು ಮಾರಾಯ್ತಿ.

ಬುಧವಾರ ಅವನು ಪುಸ್ತಕವನ್ನು ಒಳಚರಂಡಿ ಪೈಪುಗಳ ಪರೀಕ್ಷಾ ಫೈಲಿನೊಳಗೆ ಸೇರಿಸಿ ಆಫೀಸಿಗೆ ಕೊಂಡುಹೋದ. ಕಂಪನಿಯ ಇತಿಹಾಸದಲ್ಲೇ ಆ ಫೈಲನ್ನು ಅಷ್ಟು ತನ್ಮಯತೆಯಿಂದ ಯಾರೂ ಓದಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಸಿಮಾಡಲು ಎದ್ದುಹೋದಾಗ ಅವನು ಇನ್ನೂರ ಮೂವತ್ತೊಂದನೆಯ ಪುಟಕ್ಕೆ ಬಂದ. ಚಾರ್ವಿ ಕೊಡೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಫೋನ್ ಬರುತ್ತದೆ. ಆಸ್ಪತ್ರೆಯಿಂದ. ಮಳೆ, ಬೈಕು, ಫ್ಲೈಓವರು. ವಿಹಾನ್ ಇನ್ನಿಲ್ಲ.

ಮೊದಲು ಒಂದೇ ಹನಿ. ಅದು ಬೆವರು ಎಂದು ಸರ್ವೋತ್ತಮ ತನಗೆ ತಾನೇ ಹೇಳಿಕೊಂಡ, ಎಸಿ ಮಾತ್ರ ಹದಿನೆಂಟು ಡಿಗ್ರಿಯಲ್ಲಿತ್ತು. ಆಮೇಲೆ ಎರಡನೆಯದು. ಆಮೇಲೆ ಎಲ್ಲ ಜಾಯಿಂಟುಗಳೂ ಒಟ್ಟಿಗೇ ಬಿಟ್ಟುಕೊಂಡವು. ಅವನು ಮೇಜಿಗೆ ತಲೆಯಿಟ್ಟು, ಭುಜ ಕುಲುಕಿಸಿ, ಸಣ್ಣ ಮಕ್ಕಳಂತೆ ಬಿಕ್ಕಿದ.

ಗಲ್ಫಿನಲ್ಲಿ ಗಂಡಸೊಬ್ಬ ಆಫೀಸಿನ ಮೇಜಿನ ಮುಂದೆ ಅತ್ತರೆ ಅದಕ್ಕೆ ಒಂದೇ ಅರ್ಥ. ಊರಿಂದ ಫೋನ್ ಬಂದಿದೆ. ಆಗ ಯಾರೂ ಹೆಚ್ಚು ಕೇಳುವುದಿಲ್ಲ. ಒಬ್ಬ ನೀರು ಕೊಡುತ್ತಾನೆ, ಒಬ್ಬ ಟಿಕೆಟ್ ನೋಡುತ್ತಾನೆ, ಒಬ್ಬ ಮನೆಗೆ ಸುದ್ದಿ ಮುಟ್ಟಿಸುತ್ತಾನೆ. ಎಲ್ಲವೂ ಪಿಸುಮಾತಿನಲ್ಲಿ, ಮಿಂಚಿನ ವೇಗದಲ್ಲಿ. ಇವತ್ತು ಅವನಿಗೆ, ನಾಳೆ ನನಗೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಈ ಕೆಲಸದಲ್ಲಿ ಯಾರೂ ಸೋಮಾರಿಗಳಲ್ಲ.

ಆಡಳಿತ ವಿಭಾಗದ ಸ್ಟೀಫನ್ ಓಡಿಬಂದ. ಅವನು ಬೆನೆಡಿಕ್ಟಾರ ಗಂಡ. ಪುಸ್ತಕ ಬಂದದ್ದೇ ಅವನ ಮನೆಯಿಂದ. ಹಾಗಾಗಿ ಅವನಿಗೆ ಎಲ್ಲ ಗೊತ್ತು ಎಂದೇ ಆ ಗಳಿಗೆಯಲ್ಲಿ ಸರ್ವೋತ್ತಮ ನಂಬಿದ. ಪುಸ್ತಕ ಪೈಪಿನ ಫೈಲಿನೊಳಗೆ ಅಡಗಿದೆ, ಸ್ಟೀಫನ್ನನಿಗೆ ಕಾಣುತ್ತಿಲ್ಲ ಎಂಬುದು ಅವನಿಗೆ ಮರೆತೇಹೋಗಿತ್ತು.

"ಯಾವಾಗ ಆದದ್ದು?" ಸ್ಟೀಫನ್ ಭುಜದ ಮೇಲೆ ಕೈಯಿಟ್ಟ.

"ಈಗಷ್ಟೇ. ಫೋನ್ ಬಂತು."

"ಹೇಗೆ ಮಾರಾಯ?"

"ಬೈಕು. ಮಳೆ ಇತ್ತು."

"ಪ್ರಾಯ ಎಷ್ಟು?"

"ಮೂವತ್ತೆರಡು. ಬರುವ ಭಾನುವಾರ ಮದುವೆ ಇತ್ತು ಸ್ಟೀಫನ್."

ಸ್ಟೀಫನ್ ಶಿಲುಬೆಯ ಗುರುತು ಹಾಕಿಕೊಂಡ. ಸರ್ವೋತ್ತಮನಿಗೆ ಊರಿನಲ್ಲಿ ರೂಪೇಶ್ ಎಂಬ ಒಬ್ಬನೇ ತಮ್ಮ. ಮೊಬೈಲ್ ರಿಪೇರಿ ಅಂಗಡಿ, ಹೆಚ್ಚು ಕಡಿಮೆ ಅದೇ ಪ್ರಾಯ, ಹೆಣ್ಣು ಹುಡುಕುತ್ತಿದ್ದರು. ಮದುವೆ ನಿಶ್ಚಯವಾದದ್ದನ್ನು ತನಗೆ ಹೇಳಲೇ ಇಲ್ಲವಲ್ಲ ಎಂದು ಆ ದುಃಖದಲ್ಲೂ ಸ್ಟೀಫನ್ನನಿಗೆ ಚೂರು ಬೇಸರವಾಯಿತಂತೆ. ಹಾಗೆಂದು ಅವನೇ ಆಮೇಲೆ ಹೇಳಿದ.

ಹದಿನೈದು ನಿಮಿಷದಲ್ಲಿ ಸರ್ವೋತ್ತಮ ಎಚ್.ಆರ್. ವಿಭಾಗದ ಅಫೀಫಾ ಮೇಡಂ ಎದುರು ಕೂತಿದ್ದ. ಆ ಬಹ್ರೈನಿ ಹೆಂಗಸು ಎದೆಯ ಮೇಲೆ ಕೈಯಿಟ್ಟು, "ಅಲ್ಲಾ ಯರ್ಹಮೂ. ದೇವರು ಅವನಿಗೆ ಕರುಣೆ ತೋರಲಿ. ತುರ್ತು ರಜೆ ಹತ್ತು ದಿನ. ಜಾವ್, ಘರ್ ಜಾವ್," ಎಂದು ಒಂದು ಫಾರಂ ಮುಂದೆ ತಳ್ಳಿದರು. ಸ್ಟೀಫನ್ ಅದನ್ನು ಮೊದಲೇ ತುಂಬಿಸಿಟ್ಟಿದ್ದ. ಮೃತರ ಹೆಸರು: ರೂಪೇಶ್. ಸಂಬಂಧ: ತಮ್ಮ.

ಸರ್ವೋತ್ತಮನ ಕಣ್ಣೀರು ಅಲ್ಲೇ ಹೆಪ್ಪುಗಟ್ಟಿತು. "ಇದು... ಇದು ಹಾಗಲ್ಲ."

"ಮೊದಲು ಎಲ್ಲರಿಗೂ ಹಾಗೇ ಅನಿಸುವುದು," ಎಂದು ಸ್ಟೀಫನ್ ಬೆನ್ನು ಸವರಿದ. "ನಂಬಲಿಕ್ಕೆ ಆಗುವುದಿಲ್ಲ."

ಸತ್ಯ ಹೇಳಿದರೆ ಪಂಥ ಸೋತಂತೆ, ಒಳಚರಂಡಿ ಫೈಲಿನೊಳಗಿನ ಪ್ರೇಮವೂ ಬಯಲಾದಂತೆ. ಸುಳ್ಳು ಹೇಳಿದರೆ ತಮ್ಮನನ್ನು ಕೊಂದಂತೆ. ಸರ್ವೋತ್ತಮ ಏನೂ ಹೇಳಲಿಲ್ಲ. ಮನೆಗೆ ಹೋಗಿ ಒಂದು ತಾಸು ಕಳೆದು, 'ತಪ್ಪು ಸುದ್ದಿ ಬಂದಿತ್ತು' ಎಂದು ಒಂದು ಫೋನ್ ಮಾಡಿದರಾಯಿತು ಎಂದು ಲೆಕ್ಕ ಹಾಕಿದ. ಸ್ಟೀಫನ್ನನ ಕಾರಿನಲ್ಲಿ ಸೀಫಿನಿಂದ ಹೂರಾ ತಲುಪಲು ಬೇಕಾದದ್ದು ಇಪ್ಪತ್ತು ನಿಮಿಷ. ಸುದ್ದಿಗೆ ಅಷ್ಟೂ ಬೇಕಾಗಿರಲಿಲ್ಲ.

ಮೂರನೇ ಮಹಡಿಯ ಬಾಗಿಲ ಮುಂದೆ ಹದಿನಾಲ್ಕು ಜೊತೆ ಚಪ್ಪಲಿ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೆನೆಡಿಕ್ಟಾ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಇಳಿಸಿ ತಂದಿದ್ದರು, ಜೊತೆಗೆ ಹುರುಳಿ ಚಟ್ನಿ. ಅಲ್ಲಿನ ಊರವರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಪ್ಪು ಕನ್ನಡಕದ ರೂಪೇಶನ ಫೋಟೋಗೆ ಮಾಲೆ ಬಿದ್ದು, ದೀಪ ಉರಿದು, ನೂರ ಆರು ಜನ ಕೈಮುಗಿದಾಗಿತ್ತು. ಅಳುವ ಹೆಂಗಸರ ನಡುವೆ ನೀರಜಾಕ್ಷಿ ಮಾತ್ರ ಒಣಗಣ್ಣಿನಲ್ಲಿ, ಗಂಜಿಯ ಬಟ್ಟಲು ಹಿಡಿದು, ಗಂಡನ ಮುಖವನ್ನೇ ನೋಡುತ್ತಾ ಕೂತಿದ್ದಳು.

ಆಗ ಅವನ ಫೋನ್ ಹೊಡೆದುಕೊಂಡಿತು. ಅವಸರದಲ್ಲಿ ಬೆರಳು ಎಲ್ಲೋ ತಗುಲಿ ಸ್ಪೀಕರು ಹತ್ತಿತು.

"ಅಣ್ಣಾ, ನಾನು ಸತ್ತಿದ್ದೇನಂತೆ."

ಬೆನೆಡಿಕ್ಟಾ ಸೌಟು ಹಿಡಿದವರು ಹಾಗೆಯೇ ಸೋಫಾದ ಮೇಲೆ ಕೂತರು.

"ನಿಮ್ಮ ಅಲ್ಲಿಯ ಮೆಸೇಜು ಇಲ್ಲಿ ಮೂರು ಗ್ರೂಪಿಗೆ ಬಂದಿದೆ," ಎಂದಿತು ರೂಪೇಶನ ಸ್ವರ. "ಅಂಗಡಿಗೆ ಇಬ್ಬರು ಮಾಲೆ ಹಿಡಿದುಕೊಂಡು ಬಂದರು, ನಾನೇ ಚಾ ಕೊಟ್ಟು ಕೂರಿಸಿದ್ದೇನೆ. ತಮಾಷೆ ಬಿಡು, ಅಮ್ಮ ಡೈರಿಗೆ ಹಾಲು ಕೊಡಲು ಹೋಗಿದ್ದಾರೆ. ದಾರಿಯಲ್ಲಿ ಯಾರಾದರೂ ಹೇಳಿದರೆ ಅವರ ಹೃದಯ ತಡೆಯುತ್ತದಾ? ನಾನು ಬೈಕು ಹತ್ತಿದೆ. ನೀನು ಅಲ್ಲಿ ಕೂಡಲೇ ಗ್ರೂಪಿಗೆ ಹಾಕು. ಯಾರು ಸತ್ತದ್ದು ಅಂತ ಸರಿಯಾಗಿ ಹಾಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ."

ಹದಿನಾಲ್ಕು ಜೊತೆ ಕಣ್ಣುಗಳು ಸರ್ವೋತ್ತಮನತ್ತ ತಿರುಗಿದವು. ಕೇಳಿದ್ದು ನೀರಜಾಕ್ಷಿ, ಬಹಳ ಮೆಲ್ಲಗೆ.

"ಎಷ್ಟನೇ ಪುಟ?"

ಅವನು ತಲೆ ತಗ್ಗಿಸಿದ. "ಇನ್ನೂರ ಮೂವತ್ತೊಂದು."

"ಯಾವ ಪುಟ?" ಎಂದ ಸ್ಟೀಫನ್.

ಸರ್ವೋತ್ತಮ ಹೇಳಿದ. ಒಂದೂ ಬಿಡದೆ, ಆಫೀಸಿನ ವರದಿಯಂತೆ, ಕೊಡೆಯಿಂದ ಫ್ಲೈಓವರಿನವರೆಗೆ ಹೇಳಿದ. ಅವನು ಹೇಳುತ್ತಿದ್ದಂತೆ ನೀರಜಾಕ್ಷಿ ಅವನ ಹೆಸರಿನಲ್ಲೇ ಗುಂಪಿಗೆ ಬರೆದು ಹಾಕಿದಳು: 'ರೂಪೇಶ್ ಆರೋಗ್ಯವಾಗಿದ್ದಾನೆ. ಸತ್ತವನು ಕಾದಂಬರಿಯ ವಿಹಾನ್. ಅತ್ತವನು ನಾನು, ಸರ್ವೋತ್ತಮ.'

"ನಾನು ಸಿಗ್ನಲಿನಲ್ಲಿ ಕಾರು ನಿಲ್ಲಿಸಿ ಅತ್ತಿದ್ದೇನೆ ಮಾರಾಯ," ಎಂದು ಸ್ಟೀಫನ್ ಗೋಡೆಗೊರಗಿದ. "ಹಿಂದಿನವ ಹಾರನ್ ಹೊಡೆದದ್ದೂ ಕೇಳಲಿಲ್ಲ."

ಫೋನಿನಲ್ಲಿ ಬೈಕು ನಿಂತ ಸದ್ದು, ಏದುಸಿರು. "ಅಮ್ಮ ಸಿಕ್ಕಿದರು. ಯಾರೂ ಹೇಳಿರಲಿಲ್ಲ." ಹಿಂದೆಯೇ ತಾಯಿ ಅನಸೂಯಮ್ಮನ ಸ್ವರ ಬಂತು. "ಎಂತ ಮಗ, ಕಥೆ ಓದಿ ಅತ್ತೆಯಂತೆ? ಅಲ್ಲಿ ಸರಿಯಾಗಿ ಊಟ ಮಾಡ್ತೀಯಾ ಇಲ್ವಾ?"

ಕೋಣೆಯಲ್ಲಿ ನಿಟ್ಟುಸಿರು ಹರಿದಾಡಿತು. ಬೆನೆಡಿಕ್ಟಾ ಎಲ್ಲರಿಗೂ ಗಂಜಿ ಬಡಿಸತೊಡಗಿದರು, ಮಾಡಿದ್ದನ್ನು ಚೆಲ್ಲುವಂತಿಲ್ಲ. ಕಪಾಟಿನ ಪುಸ್ತಕಗಳು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂಬುದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ನೀರಜಾಕ್ಷಿ ಗೆದ್ದವಳಂತೆ ಬೀಗಲಿಲ್ಲ. ಗಂಡನ ಪಕ್ಕ ಕೂತು ಕೇಳಿದಳು.

"ಮುಂದೆ ಓದಲಿಲ್ವಾ?"

"ಸತ್ತ ಮೇಲೆ ಓದಲಿಕ್ಕೆ ಎಂತ ಉಂಟು?"

"ಇನ್ನೂರ ನಲವತ್ತರಲ್ಲಿ ಉಂಟು. ಆಸ್ಪತ್ರೆಯವರದ್ದು ತಪ್ಪು. ಅವನ ಜಾಕೆಟು ಹಾಕಿಕೊಂಡಿದ್ದವ ಬೇರೆ. ವಿಹಾನ್ ಸತ್ತೇ ಇಲ್ಲ."

ಸರ್ವೋತ್ತಮ ಅವಳನ್ನೇ ನೋಡಿದ. "ಬದುಕಿದ್ದಾನಾ?"

"ಬದುಕಿದ್ದಾನೆ. ಭಾನುವಾರವೇ ಮದುವೆಯೂ ಆಗುತ್ತದೆ."

ಅವನ ಕೆಳತುಟಿ ಅದುರಿತು. ಮೂಗು ಕೆಂಪಾಯಿತು. ನೆರೆದ ಸಮಸ್ತರ ಸಮಕ್ಷಮದಲ್ಲಿ, ಗಂಜಿಯ ಬಟ್ಟಲು ಮಡಿಲಲ್ಲಿಟ್ಟುಕೊಂಡು, ಅವನು ಆನಂದದಿಂದ ಎರಡನೆಯ ಸಲ ಬಿಕ್ಕಿ ಬಿಕ್ಕಿ ಅತ್ತ.

ಫೋನು ಇನ್ನೂ ಸ್ಪೀಕರಿನಲ್ಲಿಯೇ ಇತ್ತು. ಸ್ವಲ್ಪ ಹೊತ್ತು ಕೇಳಿಸಿಕೊಂಡು ರೂಪೇಶ್ ಹೇಳಿದ.

"ಅಣ್ಣಾ, ನಾನು ಬದುಕಿದ್ದೇನೆ ಅಂತ ಗೊತ್ತಾದಾಗ ನೀನು ಹೀಗೆ ಅಳಲಿಲ್ಲ."

ಈಗ ಸರ್ವೋತ್ತಮ ವಾರಕ್ಕೊಂದು ಕಾದಂಬರಿ ಓದುತ್ತಾನೆ, ಕೊನೆಯ ಹತ್ತು ಪುಟ ಮೊದಲು.