ನಕ್ಕರೆ ಮಾತ್ರ ಕ್ಲಿಕ್

“ರೀ, ಇದರಲ್ಲೂ ನಿಮ್ಮಮ್ಮನೇ!”

ಸ್ಟ್ಯಾಂಡಿನ ಮೇಲೆ ಕೂತಿದ್ದ ಕ್ಯಾಮೆರಾದ ಪುಟ್ಟ ಪರದೆಗೆ ಹೆಂಡತಿ ಬೆರಳಿನಿಂದ ಕುಟ್ಟಿದಳು. ಫೋಟೊದಲ್ಲಿ ಮುಂದೆ ಕುರ್ಚಿ ಮೇಲೆ ಕೂತ ಅವಳು ಮಸುಕು ಮಸುಕು. ಹಿಂದೆ ಸೋಫಾದಲ್ಲಿ ಕೂತ ಅತ್ತೆ ಮಾತ್ರ ಫಳಫಳ, ಹಲ್ಲುಸೆಟ್ಟಿನ ಸಮೇತ. ಪಾಪ, ಹೆಂಡತಿ ಈಚೆಗಷ್ಟೇ ಹೆಡ್‌ಮಿಸ್ ಆದವಳು. ಶಾಲೆಯ ಹಾಲಿನಲ್ಲಿ ಹಿಂದಿನ ಹೆಡ್‌ಮಾಸ್ಟರುಗಳೆಲ್ಲ ಫ್ರೇಮಿನೊಳಗೆ ಸಾಲಾಗಿ ತೂಗುತ್ತಿದ್ದರು, ಒಬ್ಬರೂ ಬಿಡದೆ ಗಂಡಸರೇ. ಆ ಸಾಲಿಗೆ ಮೊದಲ ಹೆಂಗಸಾಗಿ ಇವಳು ಏರಬೇಕು. ಫ್ರೇಮಿನವನು ಅಂಗಡಿ ಬಾಗಿಲು ಹಾಕುವುದರೊಳಗೆ ಫೋಟೊ ಕಳಿಸದಿದ್ದರೆ ನಾಳೆಯ ಸಮಾರಂಭದಲ್ಲಿ ಗೋಡೆ ಮೇಲೆ ಬರೀ ಮೊಳೆ.

ಹೆಂಡತಿ: ಹಿಂದೆ ಇರೋದು ಮಸುಕಾಗುತ್ತೆ ಅಂತ ನೀವೇ ಅಲ್ವಾ ಹೇಳಿದ್ದು? ಇಲ್ಲಿ ನಾನೇ ಮಸುಕಾಗಿದ್ದೀನಿ!

ಗಂಡ: ನಾನು ಬಟನ್ ಮುಟ್ಟೇ ಇಲ್ಲ ಕಣೇ. ನಗುವಿನ ಸೆಟ್ಟಿಂಗ್ ಅಂತ ಒಂದಿದೆ. ಯಾರ ಮುಖದಲ್ಲಿ ನಗು ಕಾಣುತ್ತೋ ಅವರ ಮೇಲೆ ಫೋಕಸ್ ಮಾಡಿ ತಾನಾಗೇ ಫೋಟೊ ತೆಗೆಯುತ್ತೆ.

ಹೆಂಡತಿ: ಮದುವೆ ಆದಾಗಿಂದ ಈ ಮನೇಲಿ ಫೋಕಸ್ಸೆಲ್ಲ ಅವರ ಮೇಲೇ. ಈಗ ಮಿಷನ್ನಿಗೂ ಕಲಿಸಿಬಿಟ್ರಾ?

ಅತ್ತೆಗೆ ನಗು ತಡೆಯಲಾಗಲಿಲ್ಲ. ಕ್ಲಿಕ್.

ಹೆಂಡತಿ: ನೋಡಿ, ಮತ್ತೆ!

ಅತ್ತೆ: ನನ್ನ ಮೇಲ್ಯಾಕೆ ರೇಗ್ತೀಯ? ನೀನೂ ನಗು. ಬೇಡ ಅಂದೋರ್ಯಾರು?

ಹೆಂಡತಿ: ಹೆಡ್‌ಮಿಸ್ಸು ಹಲ್ಲು ಕಿರಿದ್ರೆ ಮಕ್ಕಳು ತಲೆ ಮೇಲೆ ಕೂರ್ತಾವೆ ಅತ್ತೆ. ರೀ, ಆ ಸೆಟ್ಟಿಂಗ್ ತೆಗೆದುಹಾಕಿ.

ಗಂಡ ಸುಮ್ಮಸುಮ್ಮನೆ ಕೆಮ್ಮಿದ.

ಗಂಡ: ಆಗಲ್ಲ. ಮೆನು ಯಾವುದೋ ಬೇರೆ ಭಾಷೆಗೆ ಹೋಗ್ಬಿಟ್ಟಿದೆ. ಒಂದಕ್ಷರ ಓದೋಕೆ ಬರ್ತಿಲ್ಲ.

ಹೆಂಡತಿ: ಯಾವಾಗಿಂದ?

ಗಂಡ: ಡಬ್ಬಿ ಬಿಚ್ಚಿದಾಗಿಂದ.

ಹೆಂಡತಿ: ಮತ್ತೆ ಮನೆಗೆ ಬಂದೋರ್ನೆಲ್ಲ ಕೂರಿಸ್ಕೊಂಡು ಶಟರ್ ಸ್ಪೀಡು, ಐಎಸ್‌ಒ ಅಂತ ಕೊರೀತಿದ್ರಲ್ಲ?

ಗಂಡ: ಅದು ಸಾಮಾನ್ಯ ಜ್ಞಾನ.

ಹೆಂಡತಿ: ಮೊಬೈಲಲ್ಲಾದ್ರೂ ತೆಗೀರಿ, ದಮ್ಮಯ್ಯ.

ಗಂಡ: ಇಷ್ಟುದ್ದ ಲೆನ್ಸ್ ಇಟ್ಕೊಂಡು ಮೊಬೈಲಾ? ನನಗೂ ಒಂದು ಮಾನ ಮರ್ಯಾದೆ ಬೇಡ್ವಾ?

ಅವಳಿಗೆ ಅಳು ಬರುವುದೊಂದು ಬಾಕಿ. ಬೆಳಗ್ಗೆಯಿಂದ ಎಷ್ಟು ಆಸೆಯಿಂದ ತಲೆ ಬಾಚಿಕೊಂಡಿದ್ದಳು! ಅತ್ತೆಗೆ ಕೈಮುಗಿದು, ಕರೆತಂದು ಕ್ಯಾಮೆರಾದ ಹಿಂದೆ ನಿಲ್ಲಿಸಿದಳು. ತಾನು ಹೋಗಿ ಕುರ್ಚಿಯಲ್ಲಿ ಕೂತಳು.

ಗಂಡ: ಹ್ಞೂಂ, ನಗು.

ಹೆಂಡತಿ: ನಗ್ತಾನೇ ಇದ್ದೀನಲ್ಲ!

ಗಂಡ: ಇದನ್ನ ನಗು ಅಂತ ಕ್ಯಾಮೆರಾ ಒಪ್ತಿಲ್ಲ. ಹಲ್ಲುನೋವು ಅನ್ಕೊಂಡಿರ್ಬೇಕು.

ಹೆಂಡತಿ: ಈ ಮನೇಲಿ ನನ್ನ ನಗು ಎಲ್ಲಿ ಹೋಯ್ತು ಅಂತ ಹೇಳ್ಲಾ?

ಗಂಡ: ಬೇಡ, ಬೇಡ.

ಅತ್ತೆ ಗಂಟಲು ಸರಿಮಾಡಿಕೊಂಡರು.

ಅತ್ತೆ: ಬಿಡೋ, ಅವಳನ್ನ ಗೋಳು ಹುಯ್ಕೋಬೇಡ. ಇಂಥವಳು ಸಿಕ್ಕಿದ್ದು ಆ ಶಾಲೆ ಪುಣ್ಯ. ಈ ಮನೆ ನಿಂತಿರೋದೇ ಅವಳಿಂದ. ಅಡುಗೆ ಕೂಡ ನನಗಿಂತ ಅವಳದ್ದೇ ರುಚಿ.

ಸೊಸೆ ಬಾಯಿಬಿಟ್ಟುಕೊಂಡು ಅತ್ತೆಯನ್ನೇ ನೋಡಿದಳು. ಉಪ್ಪು ಕಡಿಮೆ, ಖಾರ ಜಾಸ್ತಿ ಎಂಬುದರಾಚೆಗೆ ಆ ಬಾಯಿಂದ ಇನ್ನೊಂದು ಮಾತನ್ನು ಅವಳು ಕೇಳಿದ್ದೇ ಇಲ್ಲ. ಎಲ್ಲಿತ್ತೋ ಏನೋ, ಸಂತೋಷ ಉಕ್ಕಿ ಬಂದು ಮುಖದ ತುಂಬ ಹರಡಿಕೊಂಡಿತು.

ಕ್ಲಿಕ್.

ಗಂಡ: ಬಂತು! ಅಬ್ಬಾ, ರೆಪ್ಪೆಗೂದಲು ಕೂಡ ಎಣಿಸಬಹುದು ಕಣೇ!

ಅತ್ತೆ: ಬಂತಾ? ಸದ್ಯ. ಒಂದು ಫೋಟೊಗೋಸ್ಕರ ಎಷ್ಟೊಂದು ಸುಳ್ಳು ಹೇಳ್ಬೇಕಾಯ್ತಪ್ಪ.

ಗಂಡ ಫೋಟೊ ನೋಡು ಬಾ ಎಂದು ಕರೆದ. ಹೆಂಡತಿ ಕುರ್ಚಿ ಬಿಟ್ಟು ಅಲುಗಾಡಲಿಲ್ಲ. ಮುಂದಲೆ ಇನ್ನೊಮ್ಮೆ ತೀಡಿಕೊಂಡು ನೆಟ್ಟಗೆ ಕೂತಳು.

ಹೆಂಡತಿ: ನಾನು ಕಣ್ಣು ಮುಚ್ಚಿಬಿಟ್ಟೆ ಅನ್ಸುತ್ತೆ ಅತ್ತೆ. ಇನ್ನೊಂದ್ಸಲ ಹೇಳಿ.