ಅಳಿಯನಿಗೆ ಐದಕ್ಕೆ ಐದು

ಬೇರೆಯವರ ಮನೆಯ ನೆಮ್ಮದಿಯ ಬಗ್ಗೆ ಮಾತಾಡುವುದು ಬಹಳ ಸುಲಭ. ಎಷ್ಟು ಸುಲಭವೆಂದರೆ, ನಾನು ಅದಕ್ಕೇ ಸಂಬಳ ತೆಗೆದುಕೊಳ್ಳುತ್ತೇನೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವನು ನಾನು. ಒತ್ತಡ ನಿವಾರಣೆ, ಸುಖೀ ಸಂಸಾರ, ಮನಸ್ಸಿನ ಶಾಂತಿ ಎಂದು ಯಾರು ಭಾಷಣಕ್ಕೆ ಕರೆದರೂ ಹೋಗಿ ಶಾಲು ಹೊದಿಸಿಕೊಂಡು ಬರುತ್ತೇನೆ. ಶಹಾಬಜಾರದ ನಮ್ಮ ಮನೆಯ ಕಪಾಟಿನಲ್ಲಿ ಅಂಥ ಶಾಲುಗಳ ಒಂದು ಗಂಟೇ ಇದೆ. ನಮ್ಮೂರ ಬಿಸಿಲಿಗೆ ಒಂದೂ ಉಪಯೋಗವಿಲ್ಲ. ಇಂಥ ನನಗೆ ಹೋದ ತಿಂಗಳು ಬಿದ್ದ ಪೆಟ್ಟನ್ನು ಯಾರ ಮುಂದೆ ಹೇಳಿಕೊಳ್ಳಲಿ? ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನೀವು ನಮ್ಮ ಗೈಡ್ ಮೇಡಂಗೆ ಹೇಳಲಾರಿರಿ ಎಂಬ ಧೈರ್ಯದ ಮೇಲೆ.

ಗೈಡ್ ಏಕೆಂದರೆ, ಈ ವಯಸ್ಸಿನಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. 'ಕುಟುಂಬ ಜೀವನದಲ್ಲಿ ಅಧ್ಯಾತ್ಮ ಮತ್ತು ಮಾನಸಿಕ ನೆಮ್ಮದಿ' ಎಂಬುದು ವಿಷಯ. ಮನೆಯಲ್ಲಿ ಒಬ್ಬರು ಪೂಜೆ, ಧ್ಯಾನ ಮಾಡಿದರೂ ಸಾಕು, ಅದರ ಶಾಂತಿ ಮನೆಮಂದಿಗೆಲ್ಲ ಹರಡುತ್ತದೆ ಎಂದು ನಾನು ತೋರಿಸಬೇಕಿತ್ತು. ಈ ನಂಬಿಕೆ ಹುಟ್ಟಿದ್ದು ನನ್ನ ಮನೆಯಿಂದಲೇ. ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಮುಕ್ಕಾಲು ತಾಸು ಧ್ಯಾನಕ್ಕೆ ಕೂರುತ್ತೇನೆ. ಆಗ ಮನೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು. ಟಿವಿ ಇಲ್ಲ, ಮಿಕ್ಸರ್ ಇಲ್ಲ, ಕುಕ್ಕರಿನ ಸೀಟಿಯೂ ಇಲ್ಲ. ಕುಕ್ಕರ್ ಸೀಟಿ ಹೊಡೆಯದೆ ಬೇಳೆ ಹೇಗೆ ಬೇಯುತ್ತಿತ್ತು ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಕಣ್ಣು ಬಿಟ್ಟಾಗ ಸಾರು ತಯಾರಿರುತ್ತಿತ್ತು. ಇದನ್ನು ನಾನು ಧ್ಯಾನದ ಫಲವೆಂದೇ ತಿಳಿದಿದ್ದೆ.

ಪ್ರಶ್ನಾವಳಿಯನ್ನು ಟೈಪ್ ಮಾಡಿಕೊಟ್ಟವಳು ನನ್ನ ಹೆಂಡತಿ ಪದ್ಮಾ. ಕೊನೆಯದೊಂದನ್ನು ಬಿಟ್ಟು ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕಿಗಳು. ಐದು ಎಂದರೆ 'ಯಾವಾಗಲೂ', ಒಂದು ಎಂದರೆ 'ಎಂದಿಗೂ ಇಲ್ಲ'. ತಮಗೆ ನಿಜವೆನಿಸಿದ ಅಂಕಿಗೆ ಗೃಹಿಣಿಯರು ಗುರುತು ಹಾಕಬೇಕು, ಹೆಸರು ಬರೆಯುವಂತಿಲ್ಲ. ಫಾರ್ಮುಗಳನ್ನು ಅವಳ ತವರೂರು ಕಮಲಾಪುರದಲ್ಲಿ ತುಂಬಿಸುತ್ತೇನೆ ಎಂದಾಗ ಅವಳು, "ರೀ, ಕಮಲಾಪುರದಾಗ ಬ್ಯಾಡ್ರಿ. ಅಲ್ಲಿ ಏನಾಗ್ತದಂದ್ರ..." ಎಂದು ಏನೋ ಹೇಳಲು ಬಂದಳು. ಧ್ಯಾನಕ್ಕೆ ಹೊತ್ತಾಗಿತ್ತು. "ಆಮ್ಯಾಲೆ ಹೇಳು" ಎಂದೆ. ಆ ಆಮೇಲೆ ಇನ್ನೂ ಬಂದಿಲ್ಲ.

ಕಮಲಾಪುರದಲ್ಲಿ ನನಗಾದ ಉಪಚಾರವನ್ನು ಏನು ಹೇಳಲಿ! ಮಾವನವರ ಓಣಿಯಲ್ಲಿ ನಾನು ಒಂದು ಮನೆಯ ಅಳಿಯನಲ್ಲ, ಇಡೀ ಓಣಿಯ ಅಳಿಯ. ಒಂದು ಮನೆಯಲ್ಲಿ ಅವಲಕ್ಕಿ, ಇನ್ನೊಂದರಲ್ಲಿ ಚುರುಮುರಿ ಸೂಸ್ಲಾ, ಹೊರಡುವಾಗ ಚೀಲದ ತುಂಬ ಕೆಂಪು ಬಾಳೆಹಣ್ಣು. ಪದ್ಮಾಳ ಕಾಕು, ಎಂದರೆ ಅವಳ ಚಿಕ್ಕಪ್ಪನ ಹೆಂಡತಿ, ಅರವತ್ತು ಫಾರ್ಮುಗಳನ್ನೂ ತೆಗೆದುಕೊಂಡು, "ನೀವ್ಯಾಕ ಬಿಸಲಾಗ ತಿರಗತೀರಿ ಅಳಿಯಂದ್ರ? ನಾ ಎಲ್ಲಾರ ಕಡಿಂದ ತುಂಬಿಸಿ, ಮುಂದಿನ ವಾರ ಪದ್ಮಾ ಬಂದಾಗ ಆಕಿ ಕೈಯಾಗ ಕಳಸತೀನಿ" ಎಂದರು. ಸಂಶೋಧನೆ ಇಷ್ಟು ಸುಖದ ಕೆಲಸವೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಶುರು ಮಾಡುತ್ತಿದ್ದೆ. ಅವರು ಹೇಳಿದಂತೆಯೇ ವಾರದೊಳಗೆ ಪದ್ಮಾ ಫಾರ್ಮುಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟಳು. ನಾನು ಬಿಚ್ಚಿಯೂ ನೋಡದೆ ಮೇಡಂ ಕೈಗೆ ಒಪ್ಪಿಸಿದೆ.

ಎರಡು ದಿನಕ್ಕೆ ಮೇಡಂ ಕರೆಸಿದರು. ಹೊಗಳುತ್ತಾರೆಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನ್ರೀ ಸರ್ ಇದು? ಎಲ್ಲಾ ಪ್ರಶ್ನಿಗೂ ಐದು, ಐದು, ಐದು! ಇಡೀ ಓಣ್ಯಾಗ ಒಬ್ಬ ಸೊಸಿಗೂ ಅತ್ತಿ ಮ್ಯಾಲೆ ಸಿಟ್ಟಿಲ್ಲಂದ್ರ ನಾ ನಂಬಬೇಕೇನು?" ಎಂದರು. "ಕಮಲಾಪುರದ ಮಂದಿ ಭಾಳ ಸಾತ್ವಿಕರು ಮೇಡಂ" ಎಂದು ತೊದಲಿದೆ. "ಐವತ್ತೊಂಬತ್ತು ಕಸದ ಬುಟ್ಟಿಗೆ ಹಾಕ್ರಿ. ಒಂದೇ ಒಂದು ಖರೇ ಫಾರ್ಮ್ ಅದ. ಇದನ್ನ ಓದ್ರಿ" ಎಂದು ಒಂದು ಹಾಳೆಯನ್ನು ನನ್ನತ್ತ ತಳ್ಳಿದರು.

ಓದಿದೆ. 'ನೀವು ಮಾತಾಡುವಾಗ ಮನೆಯವರು ಗಮನವಿಟ್ಟು ಕೇಳುತ್ತಾರೆಯೇ?' ಒಂದು. 'ಮನೆಯ ವಿಷಯಗಳಲ್ಲಿ ನಿಮ್ಮನ್ನು ಕೇಳಿ ನಿರ್ಧರಿಸುತ್ತಾರೆಯೇ?' ಒಂದು. ಛೇ, ಎಂಥ ಗಂಡನಪ್ಪಾ ಇವನು ಎಂದು ಮರುಗುತ್ತಲೇ ಕೆಳಗಿನ ಪ್ರಶ್ನೆಗಿಳಿದೆ. 'ಮನೆಯಲ್ಲಿ ನಡೆಯುವ ಧ್ಯಾನದಿಂದ ನಿಮಗೆ ನೆಮ್ಮದಿ ಸಿಗುತ್ತದೆಯೇ?' ಇದಕ್ಕೂ ಒಂದು. ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ, 'ಮಾಡೋರಿಗೆ ಸಿಗತಿರಬೇಕು. ನಾ ಆವಾಗ ಕುಕ್ಕರ್ ಸೀಟಿ ಹೊಡೀದಂಗ ಕಾಯಕೋತ ನಿಂತಿರತೀನಿ' ಎಂದಿತ್ತು.

ಹಾಳೆಯನ್ನು ಕಣ್ಣಿನ ಹತ್ತಿರ ತಂದು ಮತ್ತೊಮ್ಮೆ ಓದಿದೆ. ಕಲಬುರಗಿ ಜಿಲ್ಲೆಯಲ್ಲಿ ಸೀಟಿ ಹೊಡೆಯದ ಕುಕ್ಕರ್ ಎಷ್ಟಿದ್ದಾವು? ಕೊನೆಗೊಂದು ಪ್ರಶ್ನೆಯಿತ್ತು: 'ದಿನದಲ್ಲಿ ನಿಮಗೆ ಅತ್ಯಂತ ನೆಮ್ಮದಿಯ ಗಳಿಗೆ ಯಾವುದು?' ಉತ್ತರ: 'ಅವರು ಕಾಲೇಜಿಗೆ ಹೋದ ಮ್ಯಾಲೆ ಒಬ್ಬಾಕಿನೇ ಕೂತು ಕುಡಿಯೋ ಅರ್ಧ ಕಪ್ ಚಹಾ.' ಮೇಡಂ ಕಣ್ಣೊರೆಸಿಕೊಂಡು, "ಪಾಪ! ಆ ಗಂಡಗ ಮುಖಕ್ಕ ಮಂಗಳಾರತಿ ಮಾಡಬೇಕು. ಯಾರೀ ಹೆಣ್ಣಮಗಳು? ಹೋಗಿ ಮಾತಾಡಿಸ್ರಿ. ಒಪ್ಪಿದರ ಈಕಿ ಮ್ಯಾಲೇ ಒಂದು ಅಧ್ಯಾಯ ಬರೀರಿ. ಅದಿಲ್ಲಂದ್ರ ನಿಮ್ಮ ಪಿಎಚ್.ಡಿ. ಮುಗೀತು" ಎಂದರು. ನಾನು ತಲೆಯಾಡಿಸಿದೆ. ಆ ಗಂಡನ ಮುಖ ಅವರ ಎದುರಿಗೇ ಬೆವರುತ್ತಿತ್ತು.

ಹೊರಗೆ ಬಂದವನೇ ಕಾಕುಗೆ ಫೋನ್ ಹಚ್ಚಿದೆ. "ಎಲ್ಲಾರೂ ಐದಕ್ಕ ಐದು ಯಾಕ ಹಾಕ್ಯಾರ್ರಿ?" ಎಂದರೆ ಅವರಿಗೇ ಆಶ್ಚರ್ಯ. "ಮತ್ತೇನ್ರೀ ಅಳಿಯಂದ್ರ! ನಿಮ್ಮ ಪರೀಕ್ಷಾ ಅಂತ ಪದ್ಮಾ ಹೇಳಿದ್ದಳು. ಊರ ಅಳಿಯಗ ನಾವೇ ಕಡಿಮಿ ಮಾರ್ಕ್ಸ್ ಹಾಕೋದೇನು? ಆ ಮೂಲಿಮನಿ ಸರಸಕ್ಕ ಗಂಡನ ಕೂಡ ಮಾತು ಬಿಟ್ಟು ಎರಡು ವರ್ಷ ಆತು. ಆಕೀನೂ ನಿಮ್ಮ ಸಲುವಾಗಿ ಐದೇ ಹಾಕ್ಯಾಳ. ಪಾಸಾದಿರಿಲ್ಲೋ?" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಒಂದು ಖಾಲಿ ಉಳದಿತ್ತು ನೋಡ್ರಿ, ಪದ್ಮಾಗೇ ತುಂಬು ಅಂದೆ. ನಾವೆಲ್ಲಾ ಎರಡು ನಿಮಿಷಕ್ಕ ಮುಗಿಸಿದ್ವಿ. ಆಕಿ ಮಾತ್ರ ಅರ್ಧ ತಾಸು ಕೂತು ಬರದಳು. ಎಷ್ಟರೆ ಪ್ರೀತಿರೀ ನಿಮ್ಮ ಮ್ಯಾಲೆ!" ಎಂದು ಕಾಕು ಫೋನಿಟ್ಟರು.

ಅಂದು ಮನೆಗೆ ಹೋಗಲು ಕಾಲೇ ಏಳಲಿಲ್ಲ. 'ಸತ್ಯವನ್ನೇ ಬರೆಯಿರಿ' ಎಂದು ಫಾರ್ಮಿನ ತಲೆಯ ಮೇಲೆ ನಾನೇ ಬರೆಸಿದ್ದೆ. ಅರವತ್ತು ಜನರಲ್ಲಿ ಅದನ್ನು ಪಾಲಿಸಿದವಳು ಅದನ್ನು ಟೈಪ್ ಮಾಡಿದವಳೊಬ್ಬಳೇ. ಅವಳನ್ನು ಕೇಳಬೇಕು, ಕ್ಷಮೆ ಬೇಡಬೇಕು ಎಂದು ಹೊಸ್ತಿಲು ದಾಟಿದೆ. ದಾಟಿದ ಮೇಲೆ, ಏನೂ ಆಗದವನಂತೆ ಪೇಪರ್ ಹಿಡಿದು ಕೂತೆ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಸುಖವಾಗಿದ್ದವನು ನಾನೊಬ್ಬನೇ ಏನು?

ಬಹಳ ಯೋಚಿಸಿ, ಮಾತಿಗಿಂತ ಕೃತಿಯೇ ಮೇಲೆಂದು ತೀರ್ಮಾನಿಸಿದೆ. ಮರು ರವಿವಾರ ಧ್ಯಾನಕ್ಕೂ ಕೂರದೆ, ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ನಮ್ಮೂರಿನ ಅಪ್ಪನ ಕೆರೆಯ ದಂಡೆಗೆ ಬಂದು ಕುಳಿತೆ. ರಜೆಯ ದಿನವೂ ಅವಳು ಒಬ್ಬಳೇ ಕೂತು ಚಹಾ ಕುಡಿಯಲಿ ಎಂದು. ನನ್ನ ತ್ಯಾಗಕ್ಕೆ ನನ್ನ ಕಣ್ಣೇ ಒದ್ದೆಯಾಗುವಷ್ಟರಲ್ಲಿ ಫೋನ್ ಬಂತು.

"ಎಲ್ಲಿ ಹಾಳಾಗಿ ಹೋಗೀರಿ? ಎರಡು ಕಪ್ ಚಹಾ ಮಾಡಿ ಕೂತೀನಿ!"

"ನೀ ಒಬ್ಬಾಕಿನೇ ಆರಾಮ ಕುಡೀಲಿ ಅಂತ ಬಂದೀನಿ" ಎಂದೆ.

"ಓದಿದಿರಿ ಹಂಗಾರ" ಎಂದಳು. "ಓದಿ ನಾಕು ದಿನ ಆತು" ಎಂದೆ.

"ಓದಿದಿರಿ. ನೀವೇ ವಿಚಾರ ಮಾಡಿದಿರಿ. ನೀವೇ ಎದ್ದು ಹೋದಿರಿ. ನನ್ನ ಒಂದು ಮಾತು ಕೇಳಿದಿರೇನ್ರೀ?"

"ಈಗ ಕೇಳತೀನಿ ಪದ್ಮಾ, ಹೇಳು" ಎಂದೆ ಮೆತ್ತಗೆ.

"ಈಗಾಗಂಗಿಲ್ಲ. ನಾ ಧ್ಯಾನಕ್ಕ ಕೂಡಾಕತ್ತೀನಿ. ಬ್ಯಾಳಿ ಇಟ್ಟೀನಿ, ಲಗೂ ಬಂದು ಕುಕ್ಕರಿನ ಮುಂದ ನಿಲ್ರಿ. ಸೀಟಿ ಕೇಳಿಸಬಾರದು."

ಆಟೋ ಹಿಡಿದು ಓಡಿದೆ. ಉರಿ ಹೆಚ್ಚಾದರೆ ಸೀಟಿ, ಕಡಿಮೆಯಾದರೆ ಬೇಳೆ ಬೇಯುವುದಿಲ್ಲ. ಕುಕ್ಕರಿನಿಂದ ಕಣ್ಣು ಕೀಳುವಂತಿಲ್ಲ, ಬೇರೆ ಯೋಚನೆ ಮಾಡುವಂತಿಲ್ಲ. ಅಷ್ಟು ಏಕಾಗ್ರತೆ ನನ್ನ ಧ್ಯಾನದಲ್ಲಿ ಒಂದು ದಿನವೂ ಕೂಡಿಬಂದಿರಲಿಲ್ಲ. ಬೆವರು ಒರೆಸಿಕೊಳ್ಳಲು ಒಂದೇ ಕ್ಷಣ ಕೈಯೆತ್ತಿದೆ ನೋಡಿ, ಓಣಿಗೆಲ್ಲ ಕೇಳುವಂತೆ ಸೀಟಿ ಹೊಡೆದೇಬಿಟ್ಟಿತು. ನಡುಮನೆಯಿಂದ, ಮುಚ್ಚಿದ ಕಣ್ಣು ತೆರೆಯದೆಯೇ, ಪದ್ಮಾ ತೀರ್ಪು ಕೊಟ್ಟಳು:

"ಕರದ ಕೂಡಲೇ ಬಂದೀರಿ, ಅದಕ್ಕ ಐದಕ್ಕ ಎರಡು."

ಎರಡು! ಶಾಲುಗಳ ಇಡೀ ಗಂಟು ಹೊದಿಸಿದ್ದರೂ ನನಗೆ ಅಷ್ಟು ಹಿಗ್ಗಾಗುತ್ತಿರಲಿಲ್ಲ.